ಪುಟ್ಟ ಹೂವಿನ ತಂದೆ



ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗೊತ್ತಿ ಹಿಡಿದು ನಿಂತ ಯುವ ಕನ್ಯಾಸ್ತ್ರೀಯೊಬ್ಬರ ಸ್ವರೂಪವನ್ನು ನೀವು ನಮ್ಮ ಎಷ್ಟೋ ದೇವಾಲಯಗಳಲ್ಲಿ ಕಂಡಿದ್ದೀರಿ. ಅಕ್ಟೋಬರ್ 1 ಅವರ ಹಬ್ಬ. ಪುಟ್ಟ ಹೂ ಎಂದು ಜನ ಪ್ರೀತಿಯಿಂದ ಕರೆಯುವ ಬಾಲಯೇಸುವಿನ ಸಂತ ತೆರೇಸ ಅವರು. ಅವರಿಗೆ ಮೊಂಬತ್ತಿ ಹಚ್ಚುತ್ತೇವೆ, ನಮ್ಮ ಹೆಣ್ಣುಮಕ್ಕಳಿಗೆ ಅವರ ಹೆಸರಿಡುತ್ತೇವೆ. ಆದರೆ ಆ ಹೂ ಬೆಳೆದ ಮನೆಯ ಯಜಮಾನ ಯಾರು, ಆತ ಹೇಗೆ ಬಾಳಿದ, ಕೊನೆಗಾಲದಲ್ಲಿ ಏನಾದ ಎಂದು ಕೇಳುವವರು ಕಡಿಮೆ. ಈ ವಾರ ನಾನು ನಿಮಗೆ ಆ ತಂದೆಯ ಕಥೆಯನ್ನು ಹೇಳಬೇಕೆಂದಿದ್ದೇನೆ.

ಅದಕ್ಕೆ ಒಂದು ಕಾರಣವಿದೆ. ಮನೆಭೇಟಿಗೆ ಹೋದಾಗ ಕೆಲವು ಮನೆಗಳಲ್ಲಿ ನಾನು ಒಂದು ಮುಚ್ಚಿದ ಕೋಣೆಯನ್ನು ಕಾಣುತ್ತೇನೆ. ಕಾಫಿ ಬರುತ್ತದೆ, ಮಕ್ಕಳು ಬಂದು ಆಶೀರ್ವಾದ ಪಡೆಯುತ್ತಾರೆ, ಮನೆಯವರೆಲ್ಲ ಪ್ರಾರ್ಥನೆಗೆ ನಿಲ್ಲುತ್ತಾರೆ. ಅಜ್ಜನೆಲ್ಲಿ ಎಂದು ಕೇಳಿದರೆ ಮಾತ್ರ ಎಲ್ಲರ ಮುಖ ಬಾಡುತ್ತದೆ. ಅವರಿಗೆ ಈಗ ನೆನಪು ಸರಿಯಿಲ್ಲ, ಏನೇನೋ ಮಾತಾಡುತ್ತಾರೆ, ಒಳಗೆ ಮಲಗಿಸಿದ್ದೇವೆ ಎಂದು ಮಗನೋ ಸೊಸೆಯೋ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಆ ದನಿಯಲ್ಲಿ ನೋವಿನ ಜೊತೆ ನಾಚಿಕೆಯೂ ಇರುತ್ತದೆ. ಅಂಥ ಮನೆಯವರನ್ನು ನೆನೆದೇ ನಾನು ಇದನ್ನು ಬರೆಯುತ್ತಿದ್ದೇನೆ.

ಲೂಯಿ ಮಾರ್ಟಿನ್ ಹುಟ್ಟಿದ್ದು 1823ರ ಆಗಸ್ಟ್ 22ರಂದು, ಫ್ರಾನ್ಸಿನ ಬೋರ್ಡೋ ನಗರದಲ್ಲಿ. ತಂದೆ ಸೈನ್ಯದ ಅಧಿಕಾರಿ. ಆದ್ದರಿಂದ ಲೂಯಿಯವರ ಬಾಲ್ಯ ಶಿಸ್ತಿನಲ್ಲಿ ಕಳೆಯಿತು. ತಂದೆಗೆ ನಿವೃತ್ತಿಯಾದ ಮೇಲೆ ಕುಟುಂಬ ನಾರ್ಮಂಡಿ ಸೀಮೆಯ ಅಲಾಂಸೋನ್ ಎಂಬ ಊರಿನಲ್ಲಿ ನೆಲೆನಿಂತಿತು. ಸೈನಿಕನ ಮಗ ಕತ್ತಿ ಹಿಡಿಯಲಿಲ್ಲ. ಗಡಿಯಾರದ ಕೆಲಸ ಕಲಿತ. ಸಣ್ಣ ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವ ಆ ಕೆಲಸಕ್ಕೆ ತಾಳ್ಮೆ ಬೇಕು, ಮೌನ ಬೇಕು. ಎರಡೂ ಅವರಲ್ಲಿದ್ದವು.

ಇಪ್ಪತ್ತೆರಡರ ಹರೆಯದಲ್ಲಿ ಅವರ ಮನಸ್ಸು ಸನ್ಯಾಸದ ಕಡೆ ವಾಲಿತು. ಆಲ್ಪ್ಸ್ ಪರ್ವತದ ಹಿಮದ ನಡುವೆ, ದಾರಿ ತಪ್ಪಿದ ಪ್ರಯಾಣಿಕರನ್ನು ಕಾಪಾಡುವ ಸಂತ ಬರ್ನಾರ್ಡರ ಹೆಸರಿನ ಮಠವೊಂದಿದೆ. 1845ರಲ್ಲಿ ಲೂಯಿ ಅಲ್ಲಿಗೆ ಹೋಗಿ ತಮ್ಮನ್ನು ಸೇರಿಸಿಕೊಳ್ಳುವಂತೆ ಬೇಡಿಕೊಂಡರು. ಮೊದಲು ಲತೀನ್ ಭಾಷೆ ಕಲಿತು ಬಾ ಎಂದು ಮಠದ ಹಿರಿಯರು ಹಿಂದಕ್ಕೆ ಕಳುಹಿಸಿದರು. ಊರಿಗೆ ಬಂದು ಕಲಿಯತೊಡಗಿದರು. ಆರೋಗ್ಯ ಕೆಟ್ಟಿತು, ಕಲಿಕೆ ನಿಂತುಹೋಯಿತು. ದೇವರು ಕದ ಮುಚ್ಚಿದರೆಂದು ಅವರು ಗೊಣಗಲಿಲ್ಲ. ಪ್ಯಾರಿಸ್ ನಗರದಲ್ಲಿ ಕಸುಬನ್ನು ಇನ್ನಷ್ಟು ಪಳಗಿಸಿಕೊಂಡು 1850ರಲ್ಲಿ ಅಲಾಂಸೋನಿಗೆ ಮರಳಿ ತಮ್ಮದೇ ಅಂಗಡಿ ತೆರೆದರು.

ಅದೇ ಊರಿನಲ್ಲಿ ಝೇಲಿ ಗೇರಾನ್ ಎಂಬ ಯುವತಿಯಿದ್ದಳು. ಆಕೆಗೂ ಕನ್ಯಾಸ್ತ್ರೀ ಆಗುವ ಆಸೆಯಿತ್ತು. ಆಕೆಗೂ ಮಠದ ಬಾಗಿಲು ತೆರೆಯಲಿಲ್ಲ. ಅಲಾಂಸೋನಿನ ಹೆಸರಾಂತ ಲೇಸ್ ಹೆಣಿಗೆಯನ್ನು ಕಲಿತು, ಚಿಕ್ಕ ವಯಸ್ಸಿನಲ್ಲೇ ತನ್ನದೇ ಉದ್ಯಮ ನಡೆಸುತ್ತಿದ್ದಳು. ಒಂದು ದಿನ ಸೇತುವೆಯ ಮೇಲೆ ಇಬ್ಬರೂ ಎದುರಾದರೆಂದೂ, ಈತನೇ ನಿನಗೆ ಗೊತ್ತಾದವನೆಂಬ ಪ್ರೇರಣೆ ಝೇಲಿಯ ಮನಸ್ಸಿನೊಳಗೆ ಆಯಿತೆಂದೂ ಆ ಕುಟುಂಬದಲ್ಲಿ ಹೇಳುತ್ತಿದ್ದರು. 1858ರ ಜುಲೈ 13ರಂದು, ನಡುರಾತ್ರಿಯಲ್ಲಿ, ಸದ್ದುಗದ್ದಲವಿಲ್ಲದೆ ಅವರ ವಿವಾಹ ನಡೆಯಿತು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಮಠಕ್ಕೆ ಹೋಗಲಾಗದೆ ಮದುವೆಯಾದವರು ಎಂದು ಇವರನ್ನು ಕಂಡು ನಾವು ಮರುಗಬೇಕಾಗಿಲ್ಲ. ಮೊದಲ ಹತ್ತು ತಿಂಗಳು ಅವರು ಅಣ್ಣ ತಂಗಿಯರಂತೆ ಬಾಳಿದರು. ಆಮೇಲೆ ಒಬ್ಬ ಗುರುಗಳು ತಿಳಿಹೇಳಿದ ಮೇಲೆ ಮಕ್ಕಳ ವರವನ್ನು ಸಂತೋಷದಿಂದ ಬರಮಾಡಿಕೊಂಡರು. ದಾಂಪತ್ಯವೂ ಒಂದು ದೈವಕರೆ, ಒಂದು ದಿವ್ಯಸಂಸ್ಕಾರ ಎಂದು ಬದುಕಿನಲ್ಲೇ ಕಲಿತರು. 1860ರಿಂದ 1873ರವರೆಗೆ ಒಂಬತ್ತು ಮಕ್ಕಳು ಹುಟ್ಟಿದರು. ಅವರಲ್ಲಿ ನಾಲ್ವರನ್ನು ಮಣ್ಣಿಗೆ ಕೊಡಬೇಕಾಯಿತು. ಇಬ್ಬರು ಗಂಡುಮಕ್ಕಳೂ ಒಂದು ಹೆಣ್ಣುಮಗುವೂ ಕೈಗೂಸಾಗಿದ್ದಾಗಲೇ ಹೋದರು. ಹೆಲೆನ್ ಎಂಬ ಮುದ್ದು ಹುಡುಗಿ ಐದು ವರ್ಷದವಳಿದ್ದಾಗ ತೀರಿಕೊಂಡಳು. ಉಳಿದವರು ಐವರು ಹೆಣ್ಣುಮಕ್ಕಳು: ಮರೀ, ಪೌಲಿನ್, ಲಿಯೋನಿ, ಸೆಲಿನ್ ಮತ್ತು 1873ರ ಜನವರಿ 2ರಂದು ಹುಟ್ಟಿದ ತೆರೇಸ.

ಲೂಯಿಯವರ ಅಂಗಡಿ ಭಾನುವಾರ ಮುಚ್ಚಿರುತ್ತಿತ್ತು. ಹಳ್ಳಿಯವರು ಪೇಟೆಗೆ ಬಂದು ಒಡವೆ, ಗಡಿಯಾರ ಕೊಳ್ಳುತ್ತಿದ್ದುದೇ ಆ ದಿನ. ಪಕ್ಕದ ಬಾಗಿಲನ್ನಾದರೂ ತೆರೆದಿಡು ಎಂದು ಸ್ನೇಹಿತರು ಹೇಳಿದರೂ ಅವರು ಒಪ್ಪಲಿಲ್ಲ. ಪ್ರಭುವಿನ ದಿನ ಪ್ರಭುವಿಗೇ ಮೀಸಲು. ಬೆಳಗಿನ ಜಾವದ ಪೂಜೆಗೆ ದಂಪತಿ ಒಟ್ಟಿಗೆ ಹೋಗುತ್ತಿದ್ದರು. ಮೀನು ಹಿಡಿಯುವುದೆಂದರೆ ಲೂಯಿಯವರಿಗೆ ಬಲು ಇಷ್ಟ; ಸಿಕ್ಕ ಮೀನಿನಲ್ಲಿ ಒಳ್ಳೆಯ ಪಾಲು ಊರಿನ ಬಡ ಕ್ಲಾರಾ ಮಠದ ಭಗಿನಿಯರಿಗೆ ಹೋಗುತ್ತಿತ್ತು. ಒಮ್ಮೆ ರೈಲು ನಿಲ್ದಾಣದಲ್ಲಿ ಮೂರ್ಛೆರೋಗದ ಬಡವನೊಬ್ಬ ಊರಿಗೆ ಹೋಗಲು ಕಾಸಿಲ್ಲದೆ ಬಿದ್ದಿದ್ದ. ಲೂಯಿಯವರು ತಮ್ಮ ಟೋಪಿ ತೆಗೆದು, ಅದರಲ್ಲಿ ಮೊದಲು ತಮ್ಮ ಹಣ ಹಾಕಿ, ಪ್ರಯಾಣಿಕರ ಬಳಿ ಕೈಚಾಚಿ, ಅವನನ್ನು ರೈಲು ಹತ್ತಿಸಿದರು. ಊರಿನ ಗೌರವಸ್ಥ ವ್ಯಾಪಾರಿ ಭಿಕ್ಷೆ ಎತ್ತಿದ್ದನ್ನು ಜನ ನೋಡಿದರು.

ಹೆಂಡತಿಯ ಲೇಸ್ ಉದ್ಯಮ ಬೆಳೆದಾಗ 1870ರಲ್ಲಿ ಲೂಯಿಯವರು ತಮ್ಮ ಗಡಿಯಾರದಂಗಡಿಯನ್ನು ಸೋದರಳಿಯನಿಗೆ ಬಿಟ್ಟುಕೊಟ್ಟು ಹೆಂಡತಿಯ ಕೆಲಸಕ್ಕೆ ಕೈಜೋಡಿಸಿದರು. ಹೆಂಡತಿಯ ದುಡಿಮೆಯ ನೆರಳಿನಲ್ಲಿ ನಿಲ್ಲುವುದು ಅವಮಾನ ಎಂದು ಅವರಿಗೆ ಅನ್ನಿಸಲಿಲ್ಲ. ಇದನ್ನು ನಮ್ಮ ಗಂಡಸರು ಗಮನಿಸಲಿ.

1877ರ ಆಗಸ್ಟ್ 28ರಂದು ಝೇಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 45. ಲೂಯಿಯವರಿಗೆ ಆಗಷ್ಟೇ 54 ತುಂಬಿತ್ತು. ಹಿರಿಯ ಮಗಳಿಗೆ ಹದಿನೇಳು, ಕಿರಿಯ ತೆರೇಸಳಿಗೆ ನಾಲ್ಕೂವರೆ. ಝೇಲಿಯ ತಮ್ಮ ಲಿಸಿಯು ಎಂಬ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ಹೆಣ್ಣುಮಕ್ಕಳಿಗೆ ಅತ್ತೆಯ ಆಸರೆ ಸಿಗುವುದೆಂದು ಲೂಯಿಯವರು ಅಲ್ಲಿಗೆ ಹೊರಟರು. ಹೆಂಡತಿಯ ಸಮಾಧಿ, ವಯಸ್ಸಾದ ತಾಯಿ, ಗೆಳೆಯರು, ಮೀನು ಹಿಡಿಯುತ್ತಿದ್ದ ಹೊಳೆ ಎಲ್ಲವೂ ಅಲಾಂಸೋನಿನಲ್ಲಿ ಉಳಿದವು. ಇಳಿವಯಸ್ಸಿಗೆ ಕಾಲಿಡುವಾಗ ಊರು ಬಿಡುವುದು ಎಷ್ಟು ಕಷ್ಟ ಎಂಬುದು ಬಿಟ್ಟವರಿಗೇ ಗೊತ್ತು.

ಲಿಸಿಯುವಿನ ಆ ಮನೆಗೆ ಬ್ಯುಸೊನೆ ಎಂದು ಹೆಸರು. ಸುತ್ತ ತೋಟ, ಮೇಲೆ ಒಂದು ಪುಟ್ಟ ಕೋಣೆ. ಅಲ್ಲಿ ಕುಳಿತು ಲೂಯಿಯವರು ಓದುತ್ತಿದ್ದರು, ಧ್ಯಾನಿಸುತ್ತಿದ್ದರು. ಮಧ್ಯಾಹ್ನ ತೆರೇಸಳ ಕೈಹಿಡಿದು ನಡೆದಾಡಲು ಹೋಗುವರು. ಪ್ರತಿದಿನ ಯಾವುದಾದರೊಂದು ದೇವಾಲಯದೊಳಗೆ ಹೊಕ್ಕು ಪರಮಪ್ರಸಾದದ ಮುಂದೆ ಮೊಣಕಾಲೂರುವರು. ದಾರಿಯಲ್ಲಿ ಭಿಕ್ಷುಕ ಸಿಕ್ಕರೆ ನಾಣ್ಯವನ್ನು ಮಗಳ ಕೈಯಿಂದಲೇ ಕೊಡಿಸುವರು. ಸಂಜೆ ಮಕ್ಕಳೊಂದಿಗೆ ಚೌಕಾಬಾರದಂಥ ಮಣೆಯಾಟ, ಹಾಡು, ಸದ್ಗ್ರಂಥ ವಾಚನ, ಕೊನೆಗೆ ರಾತ್ರಿಯ ಪ್ರಾರ್ಥನೆ. ಪ್ರಾರ್ಥನೆಯ ಹೊತ್ತಿಗೆ ತೆರೇಸಳ ಜಾಗ ಅಪ್ಪನ ಪಕ್ಕದಲ್ಲೇ. ಸಂತರು ಹೇಗೆ ಪ್ರಾರ್ಥಿಸುತ್ತಾರೆಂದು ತಿಳಿಯಲು ತನಗೆ ಅಪ್ಪನ ಮುಖ ನೋಡಿದರೆ ಸಾಕಾಗಿತ್ತು ಎಂಬರ್ಥದಲ್ಲಿ ಆಕೆ ಮುಂದೆ ಬರೆದಿದ್ದಾಳೆ. ಆಕೆಗೆ ಅಪ್ಪ ರಾಜ; ಅಪ್ಪನಿಗೆ ಆಕೆ ಪುಟ್ಟ ರಾಣಿ.

ಆದರೂ ಅವರು ಮನುಷ್ಯರೇ. 1886ರ ಕ್ರಿಸ್ಮಸ್ ರಾತ್ರಿ, ನಡುರಾತ್ರಿ ಪೂಜೆ ಮುಗಿಸಿ ದಣಿದು ಮನೆಗೆ ಬಂದಾಗ, ಹದಿನಾಲ್ಕು ತುಂಬುತ್ತಿದ್ದ ಮಗಳಿಗೆ ಇನ್ನೂ ಬೂಟುಗಳಲ್ಲಿ ಉಡುಗೊರೆ ತುಂಬಿಡುವ ಮಕ್ಕಳಾಟ ನಡೆದಿರುವುದನ್ನು ಕಂಡು ಅವರಿಗೆ ಬೇಸರವಾಯಿತು. ಇದು ಈ ವರ್ಷಕ್ಕೇ ಕೊನೆಯಾದರೆ ಸಾಕಪ್ಪ ಎಂಬಂತೆ ಗೊಣಗಿದರು. ಮೆಟ್ಟಿಲ ಮೇಲಿದ್ದ ತೆರೇಸ ಅದನ್ನು ಕೇಳಿಸಿಕೊಂಡಳು. ಮಾತೆತ್ತಿದರೆ ಅಳುತ್ತಿದ್ದ ಹುಡುಗಿ ಆ ರಾತ್ರಿ ಕಣ್ಣೀರು ನುಂಗಿ, ನಗುತ್ತಾ ಕೆಳಗಿಳಿದು ಬಂದು ಅಪ್ಪನನ್ನೂ ನಗಿಸಿದಳು. ತನ್ನ ಮನಪರಿವರ್ತನೆ ಆದದ್ದು ಅಂದೇ ಎಂದು ಆಕೆ ಕೊನೆಯವರೆಗೂ ನಂಬಿದ್ದಳು. ಒಳ್ಳೆಯ ತಂದೆಯ ಒಂದು ಸಿಡುಕನ್ನೂ ದೇವರು ವ್ಯರ್ಥಗೊಳಿಸಲಿಲ್ಲ.

ಪೌಲಿನ್ 1882ರಲ್ಲಿ, ಮರೀ 1886ರಲ್ಲಿ ಲಿಸಿಯುವಿನ ಕಾರ್ಮೆಲ್ ಮಠ ಸೇರಿದರು. ಲಿಯೋನಿ ಮಠಕ್ಕೆ ಹೋಗುವುದು, ನಿಲ್ಲಲಾಗದೆ ಮರಳುವುದು ನಡೆದಿತ್ತು. ಮರಳಿದಾಗಲೆಲ್ಲ ಅಪ್ಪನ ಮನೆ ಅವಳಿಗೆ ತೆರೆದೇ ಇತ್ತು. 1887ರ ಮೇ 1ರಂದು ಲೂಯಿಯವರಿಗೆ ಮೊದಲ ಬಾರಿ ಪಾರ್ಶ್ವವಾಯು ಬಡಿಯಿತು. ಬೇಗನೆ ಚೇತರಿಸಿಕೊಂಡರು. ಅದೇ ತಿಂಗಳ 29ರಂದು, ಪೆಂತೆಕೋಸ್ತ್ ಹಬ್ಬದ ಸಂಜೆ, ತೋಟದಲ್ಲಿ ಕುಳಿತಿದ್ದ ಅಪ್ಪನ ಬಳಿಗೆ ತೆರೇಸ ಬಂದಳು. ಹದಿನೈದು ತುಂಬುವುದರೊಳಗೆ ಮಠ ಸೇರುವ ಆಸೆಯನ್ನು ಅಳುತ್ತಾ ಹೇಳಿಕೊಂಡಳು. ಅವರೂ ಅತ್ತರು. ಬೇಡವೆನ್ನಲಿಲ್ಲ. ತೋಟದ ಗೋಡೆಯ ಬಳಿಗೆ ನಡೆದು, ಅಲ್ಲಿ ಬೆಳೆದಿದ್ದ ಒಂದು ಸಣ್ಣ ಬಿಳಿಯ ಹೂವನ್ನು ಕಿತ್ತು ಮಗಳ ಕೈಗಿಟ್ಟು, ದೇವರು ಅದನ್ನು ಎಷ್ಟು ಜೋಪಾನದಿಂದ ಬೆಳೆಸಿದ್ದಾರೆಂದು ವಿವರಿಸಿದರು. ಹೂ ಬೇರುಸಹಿತ ಬಂದಿತ್ತು. ಬೇರೆ ಮಣ್ಣಿನಲ್ಲಿ ನೆಡಲಿಕ್ಕೆಂದೇ ಹಾಗೆ ಬಂತು ಎಂದು ತೆರೇಸಳಿಗೆ ತೋರಿತು. ಆ ಹೂವನ್ನು ಆಕೆ ತನ್ನ ಪುಸ್ತಕದೊಳಗೆ ಕಾಪಾಡಿಕೊಂಡಳು.

ಅನುಮತಿ ಸುಲಭವಾಗಿ ಸಿಗಲಿಲ್ಲ. ಕಿರಿಯ ಮಗಳಿಗಾಗಿ ಆ ತಂದೆ ಧರ್ಮಾಧ್ಯಕ್ಷರ ಬಾಗಿಲಿಗೆ ಹೋದರು. ನವೆಂಬರ್ ತಿಂಗಳಲ್ಲಿ ರೋಮಾಪುರಿಗೂ ಕರೆದುಕೊಂಡು ಹೋದರು. ಕೊನೆಗೆ 1888ರ ಏಪ್ರಿಲ್ 9ರಂದು ಮಗಳನ್ನು ಆಶೀರ್ವದಿಸಿ ಮಠದ ಬಾಗಿಲಲ್ಲಿ ಬಿಟ್ಟು ಮನೆಗೆ ಮರಳಿದರು. ಆ ವರ್ಷವೇ ಲಿಸಿಯುವಿನ ಸಂತ ಪೇತ್ರರ ದೇವಾಲಯದ ಪ್ರಧಾನ ಬಲಿಪೀಠಕ್ಕಾಗಿ 10,000 ಫ್ರಾಂಕ್ ಕೊಟ್ಟರು. ಅಷ್ಟು ಕೊಟ್ಟರೂ ಸಾಲದೆಂದು ತಮ್ಮನ್ನೇ ದೇವರಿಗೆ ಕಾಣಿಕೆಯಾಗಿ ಒಪ್ಪಿಸಿಕೊಂಡರು.

ದೇವರು ಆ ಕಾಣಿಕೆಯನ್ನು ಸ್ವೀಕರಿಸಿದ ಬಗೆ ನಾವು ಯಾರೂ ಬಯಸುವಂಥದ್ದಲ್ಲ. 1888ರ ಜೂನ್ 23ರಂದು ಅವರು ಯಾರಿಗೂ ಹೇಳದೆ ಮನೆಯಿಂದ ಕಾಣೆಯಾದರು. ನಾಲ್ಕು ದಿನಗಳ ಮೇಲೆ ಸಮುದ್ರತೀರದ ಲ ಹಾವ್ರ ಎಂಬ ಬಂದರಿನಲ್ಲಿ ಪತ್ತೆಯಾದರು. ಎಲ್ಲಾದರೂ ದೂರ ಹೋಗಿ ಏಕಾಂತದಲ್ಲಿ ತಪಸ್ಸು ಮಾಡುವ ಹಂಬಲ ಅವರನ್ನು ಹಿಡಿದಿತ್ತು. ಮೆದುಳಿನ ರಕ್ತನಾಳಗಳು ಪೆಡಸಾಗಿ ನೆನಪು, ವಿವೇಕ ಎರಡೂ ಬಂದು ಹೋಗತೊಡಗಿದ್ದವು. 1889ರ ಜನವರಿ 10ರಂದು ತೆರೇಸ ಮಠದ ಉಡುಪು ಸ್ವೀಕರಿಸಿದಾಗ ಅವರು ಆರೋಗ್ಯದಿಂದಿದ್ದು, ಮಗಳನ್ನು ಕೈಹಿಡಿದು ಬಲಿಪೀಠದೆಡೆಗೆ ನಡೆಸಿದರು. ಅದೇ ಅವರ ಕೊನೆಯ ಸಂಭ್ರಮ. ಒಂದು ತಿಂಗಳು ಕಳೆಯುವುದರೊಳಗೆ, ಯುದ್ಧ ನಡೆಯುತ್ತಿದೆ, ಶತ್ರುಗಳು ಬಂದಿದ್ದಾರೆ ಎಂಬ ಭ್ರಮೆಯಲ್ಲಿ ಆ ಸೈನಿಕನ ಮಗ ಹೆಣ್ಣುಮಕ್ಕಳನ್ನು ಕಾಪಾಡಲೆಂದು ಪಿಸ್ತೂಲು ಕೈಗೆತ್ತಿಕೊಂಡರು. ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಅವರು ಮೂರು ವರ್ಷಕ್ಕೂ ಮಿಕ್ಕಿ ಇದ್ದರು.

ಆ ಕಾಲದಲ್ಲಿ ಹುಚ್ಚಾಸ್ಪತ್ರೆ ಎಂದರೆ ಮನೆತನಕ್ಕೇ ಕಳಂಕ. ಲಿಸಿಯುವಿನ ಜನ ಸುಮ್ಮನಿರಲಿಲ್ಲ. ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಮಠ ಸೇರಿ ಅಪ್ಪನ ತಲೆ ಕೆಡಿಸಿದರು, ಕಿರಿಯವಳ ಹಟವೇ ಇದಕ್ಕೆ ಕಾರಣ ಎಂದು ಆಡಿಕೊಂಡರು. ಆ ಮಾತುಗಳು ಮಠದ ಗೋಡೆ ದಾಟಿ ಹದಿನಾರು ವರ್ಷದ ತೆರೇಸಳ ಕಿವಿಗೂ ಬಿದ್ದವು. ಅಪ್ಪನನ್ನು ನೋಡಲು ಹೋಗುವಂತಿರಲಿಲ್ಲ, ಉತ್ತರ ಕೊಡುವಂತಿರಲಿಲ್ಲ. 1890ರ ಸೆಪ್ಟೆಂಬರ್ 24ರಂದು ಆಕೆಗೆ ಮಠದ ಕಪ್ಪು ಮುಸುಕು ತೊಡಿಸುವ ದಿನ ಅಪ್ಪ ಬಂದಾರೆಂದು ಕಾದಳು. ಅವರನ್ನು ಕರೆತರುವುದು ಸರಿಯಲ್ಲವೆಂದು ಮನೆಯವರು ತೀರ್ಮಾನಿಸಿದ್ದರು. ಅಂದು ಆಕೆ ಅತ್ತಳು.

ಆಸ್ಪತ್ರೆಯಲ್ಲಿ ಲೂಯಿಯವರು ಹೇಗಿದ್ದರು? ಬುದ್ಧಿ ತಿಳಿಯಾಗಿದ್ದ ದಿನಗಳಲ್ಲಿ ತಾವು ಎಲ್ಲಿದ್ದೇವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಹೆಚ್ಚಿನ ಶಿಲುಬೆ. ಇಷ್ಟು ದಿನ ಆಜ್ಞೆ ಮಾಡಿ ಬಾಳಿದ ತನಗೆ ಈಗ ವಿಧೇಯನಾಗಿರುವ ಪಾಠ ಬಂದಿದೆ, ಬದುಕಿನಲ್ಲಿ ಕಾಣದಿದ್ದ ಅವಮಾನ ಈಗ ಬೇಕಾಗಿತ್ತು ಎಂಬ ಭಾವನೆಯನ್ನು ವೈದ್ಯರ ಮುಂದೆ ತೋಡಿಕೊಂಡರು. ಮನೆಯಿಂದ ಬಂದ ತಿಂಡಿಯನ್ನು ಜೊತೆಯ ರೋಗಿಗಳಿಗೆ ಹಂಚುತ್ತಿದ್ದರು. ಆಗುವಾಗಲೆಲ್ಲ ಪರಮಪ್ರಸಾದ ಸ್ವೀಕರಿಸುತ್ತಿದ್ದರು. ಆಸ್ತಿಯ ಆಡಳಿತವನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡಾಗ ಮಾತ್ರ, ಮಕ್ಕಳಿಗೆ ತನ್ನ ಮೇಲಿನ ನಂಬಿಕೆ ಹೋಯಿತಲ್ಲಾ ಎಂದು ಬಿಕ್ಕಿ ಅತ್ತರು. ನಮ್ಮ ಮನೆಗಳಲ್ಲಿ ಹಿರಿಯರ ಕೈಯಿಂದ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಸುವಾಗ ಈ ಕಣ್ಣೀರು ನಮಗೆ ನೆನಪಾಗಬೇಕು. ಅಗತ್ಯವಿದ್ದರೂ ಅದನ್ನು ಮಾಡುವ ರೀತಿಯೊಂದಿದೆ.

ಮಕ್ಕಳು ಅವರನ್ನು ಕೈಬಿಡಲಿಲ್ಲ. ಸೆಲಿನ್ ಮತ್ತು ಲಿಯೋನಿ ಕಾನ್ ನಗರದಲ್ಲೇ ಮೂರು ತಿಂಗಳು ಬಿಡಾರ ಹೂಡಿದರು. ವಾರಕ್ಕೊಮ್ಮೆ ಮಾತ್ರ ನೋಡಲು ಬಿಡುತ್ತಿದ್ದರು. ಆದರೂ ದಿನವೂ ಆಸ್ಪತ್ರೆಯ ಬಾಗಿಲಿಗೆ ಹೋಗಿ ಅಪ್ಪ ಹೇಗಿದ್ದಾರೆಂದು ವಿಚಾರಿಸುತ್ತಿದ್ದರು. 1892ರ ಮೇ 10ರಂದು, ಕಾಲುಗಳ ಸ್ವಾಧೀನ ತಪ್ಪಿದ ಮೇಲೆ, ಅವರನ್ನು ಮನೆಗೆ ತಂದರು. ಎರಡು ದಿನಗಳ ನಂತರ ಕಾರ್ಮೆಲ್ ಮಠದ ಭೇಟಿಯ ಕೋಣೆಗೆ ಕರೆದೊಯ್ದರು. ಮೂವರು ಹೆಣ್ಣುಮಕ್ಕಳು ಕಂಬಿಯ ಆಚೆ, ಅಪ್ಪ ಈಚೆ. ಮಾತು ಹೊರಡದು. ಹೊರಡುವ ಹೊತ್ತಿಗೆ ಬೆರಳೆತ್ತಿ ಮೇಲೆ ತೋರಿಸಿದರು, ಇನ್ನು ಸ್ವರ್ಗದಲ್ಲೇ ಭೇಟಿ ಎಂಬಂತೆ. ಹಾಗೆಯೇ ಆಯಿತು. ಮತ್ತೆರಡು ವರ್ಷ ಸೆಲಿನ್ ಅವರನ್ನು ಮಗುವಿನಂತೆ ನೋಡಿಕೊಂಡಳು; ಗಾಲಿಕುರ್ಚಿಯಲ್ಲಿ ಕೂರಿಸಿ ಮರಗಳ ಕೆಳಗೆ ತಿರುಗಾಡಿಸಿದಳು. ತಾನೂ ಮಠ ಸೇರಬೇಕೆಂಬ ಆಸೆಯನ್ನು ಅಪ್ಪನಿಗಾಗಿ ಮುಂದೂಡಿದಳು. 1894ರ ಜುಲೈ 29, ಭಾನುವಾರ ಬೆಳಿಗ್ಗೆ, ಆಕೆ ಪಕ್ಕದಲ್ಲಿರುವಾಗಲೇ ಲೂಯಿಯವರು ಕಣ್ಮುಚ್ಚಿದರು. ಆ ಸೆಪ್ಟೆಂಬರಿನಲ್ಲಿ ಸೆಲಿನ್ ಕಾರ್ಮೆಲ್ ಸೇರಿದಳು.

ಈ ಕಥೆಯಲ್ಲಿ ನನ್ನನ್ನು ಬಹಳವಾಗಿ ಕಾಡುವ ಒಂದು ಸಂಗತಿಯಿದೆ. ತೆರೇಸ ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಅಪ್ಪ ಬೇರೆ ಊರಿಗೆ ಹೋಗಿದ್ದ ಹೊತ್ತಿನಲ್ಲಿ, ತೋಟದಲ್ಲಿ ಅಪ್ಪನಂಥ ಒಬ್ಬರು ಬಾಗಿದ ಬೆನ್ನಿನಿಂದ, ತಲೆ ಮುಖಕ್ಕೆ ಮುಸುಕು ಹಾಕಿಕೊಂಡು ನಡೆದುಹೋದುದನ್ನು ಕಂಡು ಹೆದರಿ ಕೂಗಿಕೊಂಡಿದ್ದಳು. ಹುಡುಕಿದರೆ ಯಾರೂ ಇರಲಿಲ್ಲ. ಅದರ ಅರ್ಥ ಆಕೆಗೆ ಹೊಳೆದದ್ದು ವರ್ಷಗಳ ಮೇಲೆ, ಅಪ್ಪನ ಬುದ್ಧಿಗೆ ಮುಸುಕು ಬಿದ್ದಾಗ. ಪ್ರವಾದಿ ಯೆಶಾಯನ ಗ್ರಂಥದ ಐವತ್ತಮೂರನೆಯ ಅಧ್ಯಾಯದಲ್ಲಿ, ಜನ ಮುಖ ತಿರುಗಿಸಿಕೊಳ್ಳುವಷ್ಟು ಹೀನಾಯವಾಗಿ ನೊಂದ ದೇವಸೇವಕನ ಚಿತ್ರವಿದೆ. ಆ ನೊಂದ ಯೇಸುವಿನ ಮುಖದಲ್ಲಿ ಆಕೆ ಅಪ್ಪನ ಮುಖವನ್ನು ಕಂಡಳು. ಬಾಲಯೇಸುವಿನ ತೆರೇಸ ಎಂಬ ತನ್ನ ಹೆಸರಿಗೆ ಪವಿತ್ರ ಮುಖದ ಎಂಬುದನ್ನೂ ಸೇರಿಸಿಕೊಂಡಳು. ಅಪ್ಪನ ಆ ಮೂರು ವರ್ಷಗಳು ತಮ್ಮ ಕುಟುಂಬದ ಅತ್ಯಂತ ಬೆಲೆಬಾಳುವ ಆಸ್ತಿ ಎಂದು ಭಾವಿಸಿದಳು. ಊರು ಕಳಂಕವೆಂದದ್ದನ್ನು ಮಗಳು ಐಶ್ವರ್ಯವೆಂದಳು.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಮನುಷ್ಯನೆಂದರೆ ವಿವೇಚನೆಯುಳ್ಳ ಜೀವಿ ಎಂಬ ವ್ಯಾಖ್ಯೆಯನ್ನು ನಾವು ಬಾಯಿಪಾಠ ಮಾಡಿದ್ದೆವು. ಹಾಗಾದರೆ ವಿವೇಚನೆ ಕೈಕೊಟ್ಟ ದಿನ ಅವನು ಮನುಷ್ಯನಲ್ಲವೇ? ಲೂಯಿಯವರನ್ನು ನೆನೆದಾಗ ನನಗೆ ಉತ್ತರ ಸಿಗುತ್ತದೆ. ಸ್ನಾನದೀಕ್ಷೆಯಲ್ಲಿ ದೇವರು ಕರೆದ ಹೆಸರನ್ನು ನಾವು ಮರೆತರೂ ಅವರು ಮರೆಯುವುದಿಲ್ಲ. ನಮ್ಮ ಮನೆಯ ಹಿರಿಯರು ನಮ್ಮನ್ನು ಮರೆತಾಗ, ಅವರ ಪರವಾಗಿ ನೆನಪಿಟ್ಟುಕೊಳ್ಳುವ ಕೆಲಸ ನಮ್ಮದಾಗುತ್ತದೆ. ತೆರೇಸ ಮಾಡಿದ್ದು ಅದನ್ನೇ. ಅಪ್ಪ ತೀರಿಕೊಂಡ ಮರುವರ್ಷ, 1895ರಲ್ಲಿ, ಅಕ್ಕ ಪೌಲಿನಳ ಅಪ್ಪಣೆಯಂತೆ ಬಾಲ್ಯದ ನೆನಪುಗಳನ್ನು ಬರೆದಿಟ್ಟಳು. ಎರಡು ವರ್ಷದಲ್ಲಿ ತಾನೂ ತೀರಿಕೊಂಡಳು. ಆ ಬರಹ ಲೋಕವನ್ನೆಲ್ಲ ಸುತ್ತಿತು. ನೆನಪು ಕಳೆದುಕೊಂಡ ಆ ತಂದೆಯನ್ನು ಇಂದು ಭೂಮಂಡಲವೇ ನೆನೆಯುತ್ತದೆ.

2008ರ ಅಕ್ಟೋಬರ್ 19ರಂದು ಲೂಯಿ ಮತ್ತು ಝೇಲಿ ಪುನೀತರೆಂದು ಲಿಸಿಯುವಿನಲ್ಲಿ ಘೋಷಿತರಾದರು. 2015ರ ಅಕ್ಟೋಬರ್ 18ರಂದು, ಕುಟುಂಬವನ್ನು ಕುರಿತು ಧರ್ಮಾಧ್ಯಕ್ಷರ ಮಹಾಸಭೆ ರೋಮಿನಲ್ಲಿ ನಡೆದಿದ್ದಾಗಲೇ, ಜಗದ್ಗುರು ಫ್ರಾನ್ಸಿಸರು ಇಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಿದರು. ಪ್ರತಿ ವರ್ಷ ಜುಲೈ 12ರಂದು ಅವರ ಸ್ಮರಣೆ ನಡೆಯುತ್ತದೆ. ಲೂಯಿಯವರ ಜೀವನವನ್ನು ತೂಗಿ ನೋಡಿದ ಧರ್ಮಸಭೆ ಆಸ್ಪತ್ರೆಯ ಆ ವರ್ಷಗಳನ್ನು ಹೊರಗಿಟ್ಟು ತೂಗಲಿಲ್ಲ. ಅವನ್ನೂ ಸೇರಿಸಿಯೇ ಅವರನ್ನು ಸಂತರೆಂದಿತು.

ಆದ್ದರಿಂದ, ಪ್ರಿಯರೇ, ನಿಮ್ಮ ಮನೆಯಲ್ಲಿ ಮುಚ್ಚಿದ ಕೋಣೆಯೊಂದಿದ್ದರೆ ಬಾಗಿಲು ತೆರೆಯಿರಿ. ವೈದ್ಯರಿಗೆ ತೋರಿಸುವುದರಲ್ಲಿ, ಬೇಕಾದರೆ ಆಸ್ಪತ್ರೆಯಲ್ಲಿ ಇರಿಸುವುದರಲ್ಲಿ ತಪ್ಪೇನಿಲ್ಲ. ಲೂಯಿಯವರ ಮಕ್ಕಳಿಗೂ ಅದು ಅನಿವಾರ್ಯವಾಗಿತ್ತು. ಆದರೆ ನೋಡಲು ಹೋಗುವುದನ್ನು ಬಿಡಬೇಡಿ. ಸಂಜೆಯ ಜಪಸರಕ್ಕೆ ಅವರನ್ನೂ ಕೂರಿಸಿಕೊಳ್ಳಿ. ಅವರು ನಡುವೆ ತಪ್ಪಿ ಮಾತಾಡಿದರೆ ಆಡಲಿ. ಎಷ್ಟೋ ಸಲ ಎಲ್ಲ ಮರೆತವರ ತುಟಿಯ ಮೇಲೂ ನಮೋ ಮರಿಯಾ ಇನ್ನೂ ಉಳಿದಿರುವುದನ್ನು ನಾನು ಕಂಡಿದ್ದೇನೆ. ಮೊಮ್ಮಕ್ಕಳಿಗೆ ಅಜ್ಜನ ಒಳ್ಳೆಯ ದಿನಗಳ ಕಥೆಯನ್ನು ಅವರ ಎದುರಿಗೇ ಹೇಳಿ. ಮುಂದಿನ ಸಲ ನಾನು ಪರಮಪ್ರಸಾದ ಹಿಡಿದು ನಿಮ್ಮ ಮನೆಗೆ ಬಂದಾಗ, ಮೊದಲು ನನ್ನನ್ನು ಅವರ ಬಳಿಗೇ ಕರೆದುಕೊಂಡು ಹೋಗಿ.